ಒಟ್ಟಿಗೆ ಓಡಿದರೂ ಬೆರೆಯಬಾರದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಡಿಎನ್‌ಎ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಊರಿಗೆ ಬಂದಾಗಲೆಲ್ಲ “ಅಲ್ಲಿ ಏನ್ ಕೆಲ್ಸ ಮಾಡ್ತೀಯವ್ವ?” ಎಂದು ಹಿರಿಯರು ಕೇಳುತ್ತಾರೆ. ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ.

ಎಲ್ಲೋ ಒಂದು ದೊಡ್ಡ ಅಪಘಾತವಾಯಿತು ಎಂದುಕೊಳ್ಳಿ. ಸುಟ್ಟ ದೇಹಗಳನ್ನು ಮುಖ ನೋಡಿ ಗುರುತಿಸಲು ಆಗುವುದಿಲ್ಲ. ಹೊರಗೆ ಹತ್ತಾರು ಕುಟುಂಬಗಳು ಕಾಯುತ್ತಿರುತ್ತವೆ. ಆಗ ದೇಹದಿಂದ ಮೂಳೆಯ ಅಥವಾ ಹಲ್ಲಿನ ಚೂರನ್ನೂ, ಕಾಯುತ್ತಿರುವ ತಂದೆ, ತಾಯಿ, ಮಕ್ಕಳಿಂದ ತುಸು ರಕ್ತವನ್ನೂ ತೆಗೆಯುತ್ತಾರೆ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದು ಚಿಕ್ಕ ಅಕ್ಷರಗುಂಪು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 9 ಸಲ ಬಂದರೆ ಇನ್ನೊಬ್ಬರಲ್ಲಿ 12 ಸಲ. ಇಂಥ ಪ್ರತಿ ಜಾಗದಲ್ಲೂ ನಮಗೆ ತಾಯಿಯಿಂದ ಒಂದು ಎಣಿಕೆ, ತಂದೆಯಿಂದ ಒಂದು ಎಣಿಕೆ ಬಂದಿರುತ್ತದೆ. ಸುಮಾರು 20 ಜಾಗಗಳ ಎಣಿಕೆಯನ್ನು ಹೋಲಿಸಿ ನೋಡಿದರೆ ಯಾರು ಯಾರ ಮಗು ಎಂಬುದು ತಿಳಿಯುತ್ತದೆ.

ಎಣಿಸುವುದು ಹೇಗೆ? ಹೆಚ್ಚು ಸಲ ಬಂದರೆ ತುಣುಕು ಉದ್ದ, ಕಡಿಮೆ ಸಲ ಬಂದರೆ ಗಿಡ್ಡ. ಕೋವಿಡ್ ಕಾಲದಲ್ಲಿ ನೀವೆಲ್ಲ ಹೆಸರು ಕೇಳಿದ ಪಿಸಿಆರ್ ವಿಧಾನದಿಂದ ಆ ತುಣುಕುಗಳ ಪ್ರತಿಗಳನ್ನು ಮಾಡಿ, ಹೊಳೆಯುವ ಬಣ್ಣ ಅಂಟಿಸುತ್ತೇವೆ. ಆಮೇಲೆ ಕೂದಲೆಳೆಯಷ್ಟೇ ಸಪೂರ ರಂಧ್ರವಿರುವ ಗಾಜಿನ ಕೊಳವೆಯೊಳಗೆ ಓಡಿಸುತ್ತೇವೆ. ಅದೇ ಕ್ಯಾಪಿಲರಿ. ಡಿಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಅದು ಧನ ತುದಿಯ ಕಡೆಗೆ ಹೊರಡುತ್ತದೆ. ಕೊಳವೆಯಲ್ಲಿ ಬಲೆಯಂಥ ಅಂಟುದ್ರವ ತುಂಬಿರುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಪುಟ್ಟ ಹುಡುಗ ಸಂದಿಯಲ್ಲಿ ನುಸುಳಿ ತೇರಿನ ಹತ್ತಿರ ಹೋಗಿಬಿಡುತ್ತಾನೆ. ಬುಟ್ಟಿ ಹೊತ್ತವರು ಹಿಂದೆ ಉಳಿಯುತ್ತಾರೆ. ಹಾಗೆಯೇ ಗಿಡ್ಡ ತುಣುಕು ಮೊದಲು, ಉದ್ದದ್ದು ಆಮೇಲೆ. ಕೊನೆಯಲ್ಲಿ ಲೇಸರ್ ಬೆಳಕಿಗೆ ಬಣ್ಣ ಹೊಳೆದಾಗ ಕ್ಯಾಮೆರಾ ಅದನ್ನು ಗುರುತು ಹಾಕಿಕೊಳ್ಳುತ್ತದೆ.

ಮೊದಲು ಈ ಓಟ ನಡೆಯುತ್ತಿದ್ದದ್ದು ಎರಡು ಗಾಜಿನ ಹಲಗೆಗಳ ನಡುವೆ ಕೈಯಾರೆ ಎರೆದ ಜೆಲ್‌ನಲ್ಲಿ. ವಿದ್ಯುತ್ ಹೆಚ್ಚಿಸಿದರೆ ಜೆಲ್ ಬಿಸಿಯಾಗುತ್ತಿತ್ತು. ಒಂದು ಮಾದರಿಯ ದಾರಿ ವಾಲಿ ಪಕ್ಕದ ದಾರಿಯ ಜೊತೆ ಗೊಂದಲವಾಗುತ್ತಿತ್ತು. 1981ರಲ್ಲಿ ಅಮೆರಿಕದ ಜಾರ್ಗೆನ್ಸನ್ ಮತ್ತು ಲುಕಾಕ್ಸ್ ಎಂಬ ವಿಜ್ಞಾನಿಗಳು ಸಪೂರ ಕೊಳವೆಯ ಅನುಕೂಲವನ್ನು ತೋರಿಸಿಕೊಟ್ಟರು. ಸಪೂರವಾದ್ದರಿಂದ ಬಿಸಿ ಬೇಗ ಹೊರಹೋಗುತ್ತದೆ, ಸಾವಿರಾರು ವೋಲ್ಟ್ ಕೊಡಬಹುದು, ಓಟ ಬೇಗ ಮುಗಿಯುತ್ತದೆ.

ಆದರೆ ಒಂದು ಕೊಳವೆಗೆ ಒಂದೇ ಮಾದರಿ. 1992ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರಿಚರ್ಡ್ ಮ್ಯಾಥೀಸ್ ಅವರ ತಂಡ ಹಲವು ಕೊಳವೆಗಳನ್ನು ಸಾಲಾಗಿ ಜೋಡಿಸಿ ಒಟ್ಟಿಗೆ ಓದಿತು. ಜಪಾನಿನ ಹಿಟಾಚಿಯಲ್ಲಿ ಹಿದೇಕಿ ಕಂಬಾರಾ ಅವರೂ ಇದೇ ಹಾದಿಯಲ್ಲಿ ದುಡಿದರು. 1990ರ ದಶಕ ಮುಗಿಯುವ ಮುಂಚೆ 96 ಕೊಳವೆಗಳ ಯಂತ್ರಗಳು ಬಂದವು. ಮನುಷ್ಯನ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳನ್ನು ಓದುವ ಮಹಾಯೋಜನೆ 2003ರಲ್ಲಿ ಮುಗಿಯುವುದಕ್ಕೆ ಇಂಥ ಯಂತ್ರಗಳ ಸಾಲುಸಾಲೇ ಕೆಲಸ ಮಾಡಿದವು.

ನಮ್ಮಂಥ ಕಡೆ 8 ಅಥವಾ 24 ಕೊಳವೆಗಳ ಯಂತ್ರ ಇರುತ್ತದೆ. ಮಕ್ಕಳೇ, ಒಂದು ಲೆಕ್ಕ ಮಾಡಿ. ಒಂದು ಓಟಕ್ಕೆ ಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳೋಣ. 96 ಮಾದರಿಗಳನ್ನು ಒಂದೊಂದಾಗಿ ಓಡಿಸಿದರೆ 72 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿ. 24 ಕೊಳವೆಗಳಲ್ಲಿ ಓಡಿಸಿದರೆ ನಾಲ್ಕೇ ಸುತ್ತು, ಮೂರೇ ಗಂಟೆ. ಮೂಳೆಯಿಂದ ಡಿಎನ್‌ಎ ತೆಗೆಯುವುದಕ್ಕೆ ಬೇರೆ ಸಮಯ ಬೇಕು. ಆದರೂ ಆಸ್ಪತ್ರೆಯ ಹೊರಗೆ ಕೂತ ತಾಯಿಗೆ ಹೆಚ್ಚುಕಡಿಮೆ ಮೂರು ದಿನ ಉಳಿಯುವುದು ಸಣ್ಣ ಮಾತಲ್ಲ.

ವೇಗಕ್ಕಿಂತ ದೊಡ್ಡದು ಇನ್ನೊಂದಿದೆ. ಎಲ್ಲವೂ ಒಟ್ಟಿಗೆ ಓಡಬೇಕು, ಆದರೆ ಒಂದಕ್ಕೊಂದು ಬೆರೆಯಬಾರದು. ಕೊಳವೆಯ ಗೋಡೆ ಆ ಕೆಲಸ ಮಾಡುತ್ತದೆ. ಒಂದು ಕೊಳವೆಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಆ ಒಂದು ಮಾದರಿಯನ್ನಷ್ಟೇ ಮತ್ತೆ ಓಡಿಸಿದರೆ ಸಾಕು. ಪ್ರತಿ ಮಾದರಿಯ ಜೊತೆಗೂ ಉದ್ದ ಮೊದಲೇ ಗೊತ್ತಿರುವ ತುಣುಕುಗಳನ್ನು ಬೇರೆ ಬಣ್ಣದಲ್ಲಿ ಸೇರಿಸುತ್ತೇವೆ. ಅದು ನಮ್ಮ ಅಳತೆಪಟ್ಟಿ. ಯಾರ ಡಿಎನ್‌ಎಯನ್ನೂ ಹಾಕದ ಒಂದು ಮಾದರಿಯನ್ನೂ ಓಡಿಸುತ್ತೇವೆ. ಅದರಲ್ಲಿ ಏನಾದರೂ ಕಂಡರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ.

ಆದರೆ ಯಂತ್ರಕ್ಕೆ ಹೆಸರು ಗೊತ್ತಿಲ್ಲ. ಅದು ಗುಳಿಯಲ್ಲಿ ಹಾಕಿದ್ದನ್ನು ಓದುತ್ತದೆ, ಅಷ್ಟೆ. ಚೀಟಿ ಅದಲುಬದಲಾದರೆ ಯಾರದೋ ಮಗನನ್ನು ಇನ್ಯಾರೋ ಮಣ್ಣು ಮಾಡುತ್ತಾರೆ. ಅದಕ್ಕೇ ಪ್ರತಿ ಹಂತದಲ್ಲೂ ಒಬ್ಬರು ಸಂಖ್ಯೆ ಓದುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ಇದಕ್ಕೆ ದೊಡ್ಡ ಬುದ್ಧಿವಂತಿಕೆ ಬೇಡ, ಬೇಸರವಿಲ್ಲದ ಶ್ರದ್ಧೆ ಬೇಕು.

ಈ ಶಾಲೆಯ ಒಂದೊಂದು ಕೋಣೆಯಲ್ಲಿ ನಾವು ಅರವತ್ತು ಮಕ್ಕಳು ಕೂರುತ್ತಿದ್ದೆವು. ನಮ್ಮ ಮೇಷ್ಟ್ರುಗಳಿಗೆ ಪ್ರತಿಯೊಬ್ಬರ ಹೆಸರು, ಮನೆ, ಯಾರಿಗೆ ಯಾವ ಲೆಕ್ಕ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಅನೇಕರನ್ನು ಒಟ್ಟಿಗೆ ನೋಡುತ್ತಲೇ ಒಬ್ಬೊಬ್ಬರನ್ನೂ ಬೇರೆಯಾಗಿ ನೋಡುವುದನ್ನು ನಾನು ಅವರಲ್ಲಿ ಕಂಡಿದ್ದೆ. ಸಂಖ್ಯೆ ತಾಳೆ ನೋಡುವಾಗ ಅದು ಈಗಲೂ ನನ್ನ ಉಪಯೋಗಕ್ಕೆ ಬರುತ್ತಿದೆ.