ಮಕ್ಕಳೊಡನೆ ಕಡಲ ತೀರದಲ್ಲಿ



ಶಾಲೆಗಳಿಗೆ ರಜ ಸಮೀಪಿಸಿತೆಂದರೆ ನಮ್ಮ ಪಟ್ಟಣದ ಮನೆಗಳಲ್ಲಿ ಒಂದು ಸಣ್ಣ ಸಭೆ ಸೇರುವುದು ವಾಡಿಕೆ. ತಂದೆ ಭೂಪಟವನ್ನು ಹರಡಿಕೊಂಡು ಕೂಡುತ್ತಾನೆ. ತಾಯಿ ಬಟ್ಟೆಬರೆ, ಔಷಧ, ದಾರಿಯ ಬುತ್ತಿಗಳ ಲೆಕ್ಕ ಹಾಕುತ್ತಾಳೆ. ಮಕ್ಕಳು “ಸಮುದ್ರ, ಸಮುದ್ರ” ಎಂದು ಕುಣಿಯುತ್ತಾರೆ. ಎಲ್ಲರೂ ಹೊರಡುವುದು ಒಂದೇ ಊರಿಗಾದರೂ ಅವರವರ ಮನಸ್ಸಿನಲ್ಲಿರುವ ಊರು ಬೇರೆ ಬೇರೆ. ತಂದೆಗೆ ಬೇಕಾದುದು ನೋಡತಕ್ಕ ಸ್ಥಳಗಳು. ತಾಯಿಗೆ ನಾಲ್ಕು ದಿನ ಒಲೆಯಿಂದ ಬಿಡುಗಡೆ. ಮಕ್ಕಳಿಗೆ ಮರಳು ಮತ್ತು ನೀರು. ಈ ಮೂರನ್ನೂ ಹೊಂದಿಸಿಕೊಂಡು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಕಡೆ ಆರು ದಿನಗಳನ್ನು ನೆಮ್ಮದಿಯಾಗಿ ಕಳೆಯುವ ಬಗೆ ಹೇಗೆಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ. ಈ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರವೆಂದರೆ, ನಾನು ಒಮ್ಮೆ ಚೆನ್ನಾಗಿ ತಪ್ಪಿದವನೆಂಬುದಷ್ಟೇ.

ಮೊದಲ ಸಲ ನಾವು ಆ ಕಡೆ ಹೋದಾಗ ನಾನೊಂದು ಪಟ್ಟಿಯನ್ನು ಬರೆದುಕೊಂಡಿದ್ದೆ. ನಾಲ್ಕು ದಿನ, ಹದಿನಾಲ್ಕು ಸ್ಥಳ. ಒಂದೊಂದಕ್ಕೂ ಗಂಟೆ ಗೊತ್ತುಮಾಡಿ, ನೋಡಿದುದಕ್ಕೆ ಗುರುತು ಹಾಕುತ್ತ ಹೋದೆ. ಎರಡನೆಯ ದಿನದ ಸಂಜೆಗೆ ಕಾಪುವಿನ ಸರದಿ. ಅಲ್ಲಿಯ ದೀಪಸ್ತಂಭ 1901ರಲ್ಲಿ ಕಟ್ಟಿದುದು; ದಡದ ಬಂಡೆಯ ಮೇಲೆ ಸುಮಾರು 27 ಮೀಟರು ಎತ್ತರಕ್ಕೆ ನಿಂತಿರುವುದು. ನಾನು ಕಡಲಿಗೆ ಬೆನ್ನು ಹಾಕಿ, ಹಿರಿಯ ಮಗನಿಗೆ ಆ ದೀಪಸ್ತಂಭದ ಚರಿತ್ರೆಯನ್ನು ವಿವರಿಸುತ್ತಿದ್ದೆ. ಆರು ವರ್ಷದ ಮಗಳು ನೀರಿನ ಅಂಚಿನಲ್ಲಿ ಚಿಪ್ಪುಗಳನ್ನು ಆರಿಸುತ್ತಿದ್ದಳು. ಒಂದು ತೆರೆ ಬಂದು ಅವಳ ಪಾದವನ್ನು ತೊಳೆದು ಹಿಂದಿರುಗಿತು. ಹಿಂದಿರುಗುವಾಗ ಕಾಲಡಿಯ ಮರಳನ್ನೂ ಕೊಂಡುಹೋಯಿತು. ಮಗು ಮುಗ್ಗರಿಸಿ ಬಿದ್ದಿತು. ಏಳುವಷ್ಟರಲ್ಲಿ ಎರಡನೆಯ ತೆರೆ.

ಇದಾವುದನ್ನೂ ನಾನು ನೋಡಲಿಲ್ಲ. ನನಗೆ ಕೇಳಿಸಿದುದು “ಪಿರ ಬಲ! ಪಿರ ಬಲ!” ಎಂಬ ತುಳುವಿನ ಕೂಗು. ಹಿಂದಕ್ಕೆ ಬಾ ಎಂದು ಅದರ ಅರ್ಥವೆಂಬುದು ಆಗ ನನಗೆ ತಿಳಿಯದು. ತಿರುಗಿ ನೋಡುವ ವೇಳೆಗೆ ಬಲೆಯ ಬಳಿ ಕುಳಿತಿದ್ದ ಮೊಗವೀರರ ಹೆಂಗಸೊಬ್ಬಳು ಸೊಂಟದವರೆಗೆ ನೀರಿನಲ್ಲಿ ನಿಂತು ನನ್ನ ಮಗಳನ್ನು ರಟ್ಟೆ ಹಿಡಿದು ಎತ್ತಿಕೊಂಡಿದ್ದಳು. ಎಲ್ಲವೂ ಒಂದು ನಿಮಿಷದೊಳಗೆ ಮುಗಿದುಹೋಯಿತು. ಮಗುವನ್ನು ನನ್ನ ಕೈಗಿತ್ತು ಆಕೆ ಹೇಳಿದುದು ಇಷ್ಟೇ: “ಬರುವ ನೀರು ನೋಡಿದ್ದು ಸಾಕು ಮಾರಾಯ್ರೆ. ಹೋಗುವ ನೀರು ನೋಡಿ.”

ಆ ಪ್ರವಾಸದ ಉಳಿದ ಎರಡು ದಿನ ಮಗಳು ನೀರಿನ ಬಳಿಗೆ ಸುಳಿಯಲಿಲ್ಲ. ಕಾರ್ಕಳದ ಬೆಟ್ಟದ ಮೇಲೆ ನನ್ನ ಕಂಕುಳಿಂದ ಕೆಳಗಿಳಿಯಲಿಲ್ಲ. ಊರಿಗೆ ಮರಳಿದ ಮೇಲೂ ಸ್ನಾನದ ಮನೆಯಲ್ಲಿ ತಂಬಿಗೆಯ ನೀರು ಮುಖಕ್ಕೆ ಬಿದ್ದರೆ ಚೀರುತ್ತಿದ್ದಳು. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಗುರುತುಗಳೂ ಬಿದ್ದಿದ್ದುವು.

ನಾವು ಘಟ್ಟದ ಮೇಲಿನವರು ಕೆರೆಯನ್ನು ಬಲ್ಲೆವು, ಹೊಳೆಯನ್ನು ಬಲ್ಲೆವು, ಕಡಲನ್ನು ಅರಿಯೆವು. ಆದುದರಿಂದ ಮಿಕ್ಕ ಸಂಗತಿಗಳಿಗೆ ಮೊದಲು ಆ ಹೆಂಗಸಿನ ಮಾತಿನ ಅರ್ಥವನ್ನು ತಿಳಿಯುವುದು ಲೇಸು. ದಡಕ್ಕೆ ಅಪ್ಪಳಿಸಿದ ನೀರೆಲ್ಲವೂ ಹಿಂದಕ್ಕೆ ಹೋಗಲೇಬೇಕಷ್ಟೆ. ಕೆಲವು ಕಡೆ ಅದು ಒಂದು ಕಿರಿದಾದ ಕಾಲುವೆಯಂತೆ ಒಟ್ಟುಗೂಡಿ ಕಡಲಿನತ್ತ ರಭಸದಿಂದ ಹರಿಯುವುದು. ನೋಡುವವರ ಕಣ್ಣಿಗೆ ಅಂಥ ಜಾಗದಲ್ಲಿ ತೆರೆಗಳು ಕಡಮೆ, ನೀರು ಶಾಂತ. ಮಕ್ಕಳಿಗೆ ಇದೇ ಸರಿಯಾದ ಜಾಗವೆಂದು ಭ್ರಮೆಯಾಗುವುದು. ಇಂಥ ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ಎದುರೀಜುತ್ತ ಬಲಗುಂದಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಿದ್ದು, ಅನಂತರ ದಡಕ್ಕೆ ತಿರುಗಬೇಕು. ಈಜು ಬಾರದ ನಮ್ಮಂಥವರಿಗೆ ನಿಯಮ ಇನ್ನೂ ಸುಲಭ. ಮಕ್ಕಳ ನೀರು ಅವರ ಮೊಣಕಾಲಿಗಿಂತ ಮೇಲೇರಕೂಡದು. ಹಿರಿಯರೊಬ್ಬರು ಅವರಿಗಿಂತ ಕಡಲಿನ ಕಡೆಗೆ ನಿಂತಿರಬೇಕು. ಆ ಹಿರಿಯರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸವಿರಕೂಡದು, ಉಪನ್ಯಾಸವಂತೂ ಕೂಡದು. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬೇಡಿ. ಜೀವರಕ್ಷಕರಾಗಲಿ ಬೆಸ್ತರಾಗಲಿ ಬೇಡವೆಂದರೆ ವಾದ ಮಾಡಬೇಡಿ. ಕಾಪುವಿನಲ್ಲಿ ಬಂಡೆಗಳಿರುವುದರಿಂದ ಎಚ್ಚರ ಇಮ್ಮಡಿಯಾಗಿರಬೇಕು. ಏರಿಳಿತಗಳ ವೇಳೆಯನ್ನೂ ವಿಚಾರಿಸಿಕೊಳ್ಳಿ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುವುದರಿಂದ, ನಿನ್ನೆ ಸಂಜೆ ಮಕ್ಕಳು ಆಡಿದ ಜಾಗದಲ್ಲಿ ನಾಲ್ಕು ದಿನಗಳ ಮೇಲೆ ಅದೇ ವೇಳೆಗೆ ನೀರು ನಿಂತಿರಬಹುದು.

ಇನ್ನು ಕಾಲದ ವಿಚಾರ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕರಾವಳಿಯ ಮಳೆ ನೋಡತಕ್ಕದ್ದೇ, ಆದರೆ ಕಿಟಕಿಯೊಳಗಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳೇ ಮೀನುಗಾರಿಕೆಯನ್ನು ನಿಲ್ಲಿಸಿರುತ್ತವೆ. ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ಇರುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತ, ಕಡಲು ಮೆದು. ಶಾಲೆಯ ರಜ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಎಂದಾದರೆ ಬೆಳಗಿನ ಒಂಬತ್ತಕ್ಕೆ ಮುಂಚೆ, ಸಂಜೆ ನಾಲ್ಕೂವರೆಯ ತರುವಾಯ ಮಾತ್ರ ಮರಳಿನ ಮೇಲೆ ಇರುವುದೆಂದು ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಮಕ್ಕಳು ಮಲಗಲಿ, ಹಿರಿಯರೂ ಮಲಗಲಿ.

ದಾರಿಯೂ ರಜದ ಒಂದು ಭಾಗವೇ. ಆಗುಂಬೆಯ ಘಾಟಿಯನ್ನು ಇಳಿಯುವವರು ಅದರ ಹದಿನಾಲ್ಕು ತಿರುವುಗಳನ್ನು ನೆನಪಿನಲ್ಲಿಟ್ಟು, ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸದೆ ಹೊರಡುವುದು ಕ್ಷೇಮ. ಕೆಳಗಿಳಿದ ಮೇಲೆ ಬಿಡಾರ ಒಂದೇ ಕಡೆ ಇರಲಿ. ಉಡುಪಿಯಿಂದ ಮಣಿಪಾಲ 5, ಮಲ್ಪೆ 6, ಕಾಪು ಸುಮಾರು 13 ಕಿಲೋಮೀಟರು, ಕಾರ್ಕಳವೂ 40ರೊಳಗೇ. ಹೀಗಿರುವಲ್ಲಿ ದಿನಕ್ಕೊಂದು ಊರಿನಲ್ಲಿ ಹಾಸಿಗೆ ಬಿಚ್ಚಿ ಕಟ್ಟುವ ಸಂಕಟವೇತಕ್ಕೆ?

ಎರಡು ವರ್ಷಗಳ ತರುವಾಯ ನಾವು ಮರಳಿ ಹೋದಾಗ ಆರು ದಿನಗಳಿಗೆ ನಾಲ್ಕೇ ಸ್ಥಳಗಳೆಂದೂ, ಒಂದು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಯಾವ ಸ್ಥಳಕ್ಕೂ ಕೊಡಬಾರದೆಂದೂ ನನ್ನ ಹೆಂಡತಿ ಕಟ್ಟುಮಾಡಿದಳು. ಮೊದಲನೆಯ ದಿನ ಯಾವ ಕೆಲಸವೂ ಇಲ್ಲ. ಮಗಳು ನೀರಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಕುಳಿತು ಏಡಿಯ ಬಿಲಗಳನ್ನು ಎಣಿಸಿದಳು. ಬಾ ಎಂದು ಯಾರೂ ಕರೆಯಲಿಲ್ಲ.

ಎರಡನೆಯ ದಿನ ಬೆಳಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪ. ತೋನ್ಸೆಪಾರ್ ಎಂಬುದು ಅದರ ಮತ್ತೊಂದು ಹೆಸರು. ಮಗಳೂ ತಾಯಿಯೂ ದಡದಲ್ಲೇ ಉಳಿದರು. ಮಗನೂ ನಾನೂ ಹೋದೆವು. ಅಲ್ಲಿಯ ಶಿಲೆಗಳು ಯಾರೋ ಕೆತ್ತಿ ಜೋಡಿಸಿದ ಕಂಬಗಳಂತೆ ಐದಾರು ಮುಖಗಳನ್ನು ಹೊತ್ತು ನಿಂತಿರುವುವು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಶಿಲಾರಸ ಆರಿ ಕುಗ್ಗಿ ಸೀಳಿದುದರ ಫಲವಿದು. ಬೇಸಗೆಯಲ್ಲಿ ನಮ್ಮ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ಕಂಡ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದನೆಂಬ ಪ್ರತೀತಿಯೂ ಇದೆ. ನೆರಳು ಕಡಮೆ, ಕುಡಿಯುವ ನೀರು, ತಲೆಗೆ ಟೋಪಿ ಜೊತೆಗಿರಲಿ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಕಲ್ಲನ್ನು ತರಬೇಡಿ, ಕಸವನ್ನು ಬಿಡಬೇಡಿ.

ಮೂರನೆಯ ದಿನ ಉಡುಪಿ. ಹೊತ್ತೇರುವ ಮುನ್ನ ರಥಬೀದಿಯಲ್ಲಿ ನಡೆದಾಡುವುದೇ ಒಂದು ಸೊಗಸು. ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠಿಸಿದ ಕೃಷ್ಣನನ್ನು ಒಂಬತ್ತು ರಂಧ್ರಗಳ ಕಿಂಡಿಯೊಳಗಿಂದ ನೋಡಬೇಕು. ಎತ್ತರ ಸಾಲದ ಮಗುವನ್ನು ಎತ್ತಿ ತೋರಿಸಿ. ಎಂಟು ಮಠಗಳ ಯತಿಗಳು ವಾದಿರಾಜರ ಕಾಲದಿಂದ ಎರಡೆರಡು ವರ್ಷಕ್ಕೊಬ್ಬರಂತೆ ಪೂಜೆಯ ಹೊಣೆ ಹೊರುವ ಪರ್ಯಾಯದ ಪದ್ಧತಿಯನ್ನು ಹೇಳಿದರೆ ಮಕ್ಕಳು ಕೂಡಲೆ ಗ್ರಹಿಸುತ್ತಾರೆ. ಸರದಿಯ ನ್ಯಾಯ ಅವರಿಗೆ ಚೆನ್ನಾಗಿ ಗೊತ್ತು. ಸಂಜೆ ಬೇಕಾದರೆ ಮಣಿಪಾಲ. ಬರಿಯ ಮುರಕಲ್ಲಿನ ಗುಡ್ಡವಾಗಿದ್ದ ಆ ಸ್ಥಳದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ದೊಡ್ಡ ಮಕ್ಕಳಿಗೆ ಅಲ್ಲಿಯ ಶರೀರರಚನೆಯ ವಸ್ತುಸಂಗ್ರಹಾಲಯ, ಚಿಕ್ಕವರಿಗೆ ಗುಡ್ಡದ ಕೊನೆಯಿಂದ ಕೆಳಗೆ ಕಾಣುವ ಸ್ವರ್ಣಾ ನದಿ. ಅಂದು ಸಂಜೆ ಮಗಳು ಮಲ್ಪೆಯಲ್ಲಿ ಒದ್ದೆ ಮರಳಿನವರೆಗೆ ಬಂದು ನಿಂತಳು.

ನಾಲ್ಕನೆಯ ದಿನ ಮತ್ತೆ ಏನೂ ಇಲ್ಲ. ಇಂಥ ದಿನಗಳಲ್ಲಿ ಊಟವೇ ಒಂದು ಪ್ರವಾಸವಾಗಬಹುದು. ನೀರುದೋಸೆ, ಗೋಳಿಬಜೆ, ಕುಚ್ಚಲಕ್ಕಿಯ ಗಂಜಿ, ಎಳನೀರು. ವಾದಿರಾಜರ ಹೆಸರಿನೊಡನೆ ಹೆಣೆದುಕೊಂಡಿರುವ ಮಟ್ಟುಗುಳ್ಳದ ಹುಳಿ. ಕಟಪಾಡಿಯ ಬಳಿಯ ಮಟ್ಟು ಎಂಬ ಊರಿನ ಬದನೆ ಅದು. ಶಂಕರಪುರದ ಮಲ್ಲಿಗೆಯನ್ನು ಅಲ್ಲಿ ಮೊಳದಿಂದ ಅಳೆಯದೆ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುವುದನ್ನು ಕಂಡು ನನ್ನ ಹೆಂಡತಿ ಬಹಳ ಹೊತ್ತು ಹೂವಾಡಗಿತ್ತಿಯೊಡನೆ ಮಾತನಾಡುತ್ತ ನಿಂತಳು. ಹಿಂದಿನ ಸಲ ಅವಳಿಗೆ ಹೂ ಮುಡಿಯಲೂ ವೇಳೆಯಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು.

ಐದನೆಯ ದಿನ ಕಾರ್ಕಳ. ಇಲ್ಲಿಗೆ ನಸುಕಿನಲ್ಲೇ ಹೊರಡಬೇಕು. ಏಕೆಂದರೆ ಬೆಟ್ಟದ ಮೇಲೆ ಪಾದರಕ್ಷೆಗಳನ್ನು ಬಿಟ್ಟು ನಡೆಯಬೇಕು, ಹೊತ್ತೇರಿದ ಮೇಲೆ ಬಂಡೆ ಕಾದ ಹೆಂಚಿನಂತಾಗುವುದು. ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದ ಬಾಹುಬಲಿಯ ವಿಗ್ರಹ ಸುಮಾರು 42 ಅಡಿ. ಶ್ರವಣಬೆಳಗೊಳವನ್ನು ಕಂಡ ಮಕ್ಕಳು ಯಾವುದು ದೊಡ್ಡದೆಂದು ಕೇಳದಿರರು. ಬೆಳಗೊಳದ್ದು ಎತ್ತರದಲ್ಲಿ ಹಿರಿದು. ಆದರೆ ಇಲ್ಲಿಯದನ್ನು ಬೇರೆಡೆ ಕೆತ್ತಿ, ಬಂಡಿಯ ಮೇಲೆ ಎಳೆದು ಬೆಟ್ಟಕ್ಕೇರಿಸಿದರೆಂದು ಚಂದ್ರಮ ಕವಿಯ ಕಾವ್ಯದಲ್ಲಿ ಹೇಳಿದೆ. ಅಷ್ಟು ದೊಡ್ಡ ಕಲ್ಲನ್ನು ಹೇಗೆ ಸಾಗಿಸಿದ್ದಾರು ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟುಬಿಡಿ. ಅರ್ಧ ದಿನಕ್ಕೆ ಸಾಕು. ಎದುರಿಗೇ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, 108 ಕಂಬಗಳು. ನನ್ನ ಮಗಳು ಈ ಸಲ ಕಂಕುಳಲ್ಲಿ ಕೂಡಲಿಲ್ಲ. ಕಂಬಗಳನ್ನೆಣಿಸುತ್ತ ಎರಡು ಸಲ ಲೆಕ್ಕ ತಪ್ಪಿ ಮೂರನೆಯ ಸಲಕ್ಕೆ ತೊಡಗಿದ್ದಳು. ಮನೋರಮೆಗೆ ಕತೆ ಹೇಳಿದ ಮುದ್ದಣನ ನಂದಳಿಕೆಯೂ ಇದೇ ತಾಲ್ಲೂಕಿನದು. ಕಾಪುವಿನ ದೀಪಸ್ತಂಭ ಎದ್ದ 1901ರಲ್ಲಿಯೇ ಆ ಕವಿ ತೀರಿಕೊಂಡ. ಮಧ್ಯಾಹ್ನದೊಳಗೆ ಬಿಡಾರಕ್ಕೆ ಹಿಂದಿರುಗಿದೆವು.

ಆರನೆಯ ದಿನ ಕಾಪು. ಹೋಗಲೋ ಬೇಡವೋ ಎಂಬ ಹಿಂಜರಿಕೆ ನನ್ನದು, ಹೋಗೋಣವೆಂದವಳು ಮಗಳು. ಕಲ್ಲಿನ ಮೆಟ್ಟಿಲುಗಳನ್ನೇರಿ ಬಂಡೆಯ ಮೇಲೆ ಕುಳಿತು ಬಹಳ ಹೊತ್ತು ನೀರನ್ನೇ ನೋಡಿದಳು. ಅನಂತರ ಕೆಳಗಿಳಿದು ನನ್ನ ಕೈ ಹಿಡಿದಳು. ನಾನು ಕಡಲಿನ ಕಡೆ, ಅವಳು ದಡದ ಕಡೆ. ಮೊದಲ ತೆರೆ ಪಾದಕ್ಕೆ, ಎರಡನೆಯದು ಕಣಕಾಲಿಗೆ ಬಂದಿತು. ತೆರೆ ಹಿಂದಿರುಗುವಾಗ ಅವಳ ಬೆರಳುಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುವು. “ಅಪ್ಪ, ಈಗ ಹೋಗುವ ನೀರು” ಎಂದಳು. ಹೌದಮ್ಮ ಎಂದೆ. ಇಬ್ಬರೂ ಅದನ್ನು ನೋಡುತ್ತ ನಿಂತೆವು.

ಬಲೆಯ ಬಳಿ ಕುಳಿತಿದ್ದವರಲ್ಲಿ ಆ ಹೆಂಗಸನ್ನು ಹುಡುಕಿದೆವು, ಅವಳು ಕಾಣಲಿಲ್ಲ. ಹೆಸರನ್ನು ಕೇಳಿಟ್ಟುಕೊಳ್ಳುವಷ್ಟು ವ್ಯವಧಾನವೂ ಮೊದಲ ಪ್ರವಾಸದಲ್ಲಿ ನನಗಿರಲಿಲ್ಲ.

ಶ್ರೋತೃಗಳೆ, ಬರುವ ರಜದಲ್ಲಿ ತಾವು ಕಡಲಿನ ಕಡೆ ಹೊರಡುವುದಾದರೆ ಪಟ್ಟಿಯನ್ನು ಅವಶ್ಯವಾಗಿ ಬರೆಯಿರಿ. ಬರೆದ ಮೇಲೆ ಅದರಲ್ಲಿ ಅರ್ಧವನ್ನು ಹೊಡೆದುಹಾಕಿ, ಉಳಿದುದನ್ನು ಮನೆಯಾಕೆಯ ಕೈಗೆ ಕೊಡಿರಿ.