ಮನೆ ಹಿಂದಿನ ಟ್ಯಾಂಕು, ಅದರ ಸರ್ವಿಸ್ ಕಾಂಟ್ರ್ಯಾಕ್ಟು

ನಾನು ಅಡಿಲೇಡ್ ಬೆಟ್ಟಗಳ ಕಡೆ ಮನೆಮನೆಗೆ ಹೋಗಿ ಏರೋಬಿಕ್ ಸೆಪ್ಟಿಕ್ ಟ್ಯಾಂಕುಗಳ ಸರ್ವಿಸ್ ಮಾಡುವವನು. ಊಟಕ್ಕೆ ಮುಂಚೆ ಇದೇನಪ್ಪಾ ವಿಷಯ ಅಂತ ಮುಖ ಸಿಂಡರಿಸಬೇಡಿ! ನಮ್ಮವರು ಈಗ ಪರ್ತಿನ ಮಂಡೇರಿಂಗ್, ಬ್ರಿಸ್ಬೇನಿನ ಸ್ಯಾಮ್‌ಫರ್ಡ್ ಅಂತ ದೊಡ್ಡ ಜಾಗ ನೋಡಿ ಮನೆ ಮಾಡುತ್ತಿದ್ದಾರೆ. ಅಂಥ ಎಷ್ಟೋ ಕಡೆ ಒಳಚರಂಡಿ ಇಲ್ಲ.

ಇದು ಊರಿನ ಇಂಗುಗುಂಡಿಯಂತೆ ಮುಚ್ಚಿ ಮರೆಯುವ ವಸ್ತುವಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ ಇರುತ್ತದಲ್ಲ, ಅದರದ್ದೇ ಪುಟ್ಟ ರೂಪ. ಮೊದಲ ಕೋಣೆಯಲ್ಲಿ ಕೆಸರು ತಳಕ್ಕೆ ಕೂರುತ್ತದೆ. ಮುಂದಿನದರಲ್ಲಿ ಬ್ಲೋವರ್ ಗಾಳಿ ಊದುತ್ತದೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ. ಆಮೇಲೆ ನೀರು ತಿಳಿಯಾಗಿ, ಕ್ಲೋರಿನ್ ದಾಟಿ, ಪಂಪಿನಿಂದ ಹಿತ್ತಲಿಗೆ ಹೋಗುತ್ತದೆ. ಆ ನೀರು ಸೊಪ್ಪು, ತರಕಾರಿಗೆ ಬೇಡ.

ಬ್ಲೋವರ್ ನಿಂತರೆ ಬ್ಯಾಕ್ಟೀರಿಯಾ ಸಾಯುತ್ತವೆ. ನಮ್ಮಲ್ಲಿ ಎರಡು ತಿಂಗಳು ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸುವ ಅಭ್ಯಾಸ ಇದೆ, ಕರೆಂಟ್ ಬಿಲ್ಲು ಉಳಿಯಲಿ ಅಂತ. ದಯವಿಟ್ಟು ಟ್ಯಾಂಕಿನ ಸ್ವಿಚ್ ಮುಟ್ಟಬೇಡಿ. ಪೂಜೆಗೆ ಐವತ್ತು ಜನ ಬರುವ ದಿನ ವಾಷಿಂಗ್ ಮೆಷಿನ್‌ಗೂ ರಜೆ ಕೊಡಿ. ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ.

ಇನ್ನು ಕಾಂಟ್ರ್ಯಾಕ್ಟು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸರ್ವಿಸ್. ನಿಮ್ಮ ಮಾದರಿಯ ಅನುಮತಿ ಪತ್ರದಲ್ಲಿ ಏನಿದೆಯೋ ಅದೇ ಲೆಕ್ಕ. ಪರ್ತಿನಲ್ಲಿ ಸರ್ವಿಸ್ ಮಾಡುವವರಿಗೆ ರಾಜ್ಯದ ಆರೋಗ್ಯ ಇಲಾಖೆಯ ಮಾನ್ಯತೆ ಬೇಕು, ಬ್ರಿಸ್ಬೇನಿನಲ್ಲಿ ಕ್ಯೂಬಿಸಿಸಿ ಲೈಸೆನ್ಸ್. ನಮ್ಮ ಸೌತ್ ಆಸ್ಟ್ರೇಲಿಯಾದಲ್ಲಿ ತ್ಯಾಜ್ಯನೀರು ನಿಯಮಗಳಿವೆ, ಕೇಳುವವರು ಕೌನ್ಸಿಲಿನವರು. ಪ್ರತಿ ಭೇಟಿಯ ರಿಪೋರ್ಟು ನಿಮಗೂ ಕೌನ್ಸಿಲಿಗೂ ಹೋಗಬೇಕು. ಕಳಿಸುವವರು ಯಾರು ಅಂತ ಸಹಿ ಹಾಕುವ ಮುಂಚೆಯೇ ಕೇಳಿ. ಕ್ಲೋರಿನ್ ಗುಳಿಗೆ ರೇಟಿನಲ್ಲಿ ಸೇರಿದೆಯಾ, ಬ್ಲೋವರ್ ಕೆಟ್ಟರೆ ಯಾರ ಖರ್ಚು, ಕೆಲ ವರ್ಷಕ್ಕೊಮ್ಮೆ ಕೆಸರು ತೆಗೆಸುವ ಲಾರಿಯ ಬಿಲ್ಲು ಬೇರೆಯಾ, ಇದನ್ನೆಲ್ಲ ಕಾಗದದಲ್ಲಿ ಬರೆಸಿಕೊಳ್ಳಿ. ಅಗ್ಗದ ಕಾಂಟ್ರ್ಯಾಕ್ಟುಗಳಲ್ಲಿ ಇವೇ ಬಿಟ್ಟುಹೋಗಿರುತ್ತವೆ.

ಮನೆ ಕೊಳ್ಳುವವರು ಹಿಂದಿನ ಒಂದೆರಡು ವರ್ಷದ ರಿಪೋರ್ಟು ಕೇಳಿ. 'ಟ್ಯಾಂಕ್ ಚೆನ್ನಾಗಿದೆ' ಅನ್ನೋ ಬಾಯಿಮಾತು ನಂಬಬೇಡಿ. ಹಳೆ ಮಾಲೀಕರ ಕಾಂಟ್ರ್ಯಾಕ್ಟು ತಾನಾಗಿ ನಿಮ್ಮದಾಗುತ್ತದೆ ಅಂದುಕೊಳ್ಳಬೇಡಿ, ನಿಮ್ಮ ಹೆಸರಿಗೆ ಮಾಡಿಸಿ.

ಕ್ಲೋರಿನ್ ಗುಳಿಗೆ ಮುಗಿದರೆ ಈಜುಕೊಳದ್ದು ತಂದು ಹಾಕೋಣ ಅನ್ನುವವರು ಇದ್ದಾರೆ. ಒಂದು ಬಗೆಯ ಕ್ಲೋರಿನ್ ಮೇಲೆ ಇನ್ನೊಂದು ಬಗೆಯದು ಬಿದ್ದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಆ ಕೆಲಸ ನಮಗೇ ಬಿಡಿ.

ನಮ್ಮ ಕೆಲಸ ನೀರು ಪರೀಕ್ಷಿಸಿ ಬಿಲ್ಲು ಕೊಡುವುದಷ್ಟೇ ಅಂದುಕೊಂಡವರೂ ಇದ್ದಾರೆ. ಆದರೆ ಮೌಂಟ್ ಲಾಫ್ಟಿ ಬೆಟ್ಟಸಾಲಿನ ಮಳೆನೀರೇ ಅಡಿಲೇಡಿನ ಜಲಾಶಯಗಳಿಗೆ ಹರಿಯುವುದು. ಮೇಲಿನ ಮನೆಯ ಟ್ಯಾಂಕು ಸೋರಿದರೆ ಕೆಳಗಿನವರು ಕುಡಿಯುವ ನೀರಿಗೇ ತೊಂದರೆ. ಕೌನ್ಸಿಲಿನವರ ಕಾಗದ ಬಂದಾಗ ಬೈಯುವವರು ಇದನ್ನೂ ಸ್ವಲ್ಪ ಯೋಚಿಸಿ.

ಬಾಡಿಗೆ ಮನೆಯವರು ಸರ್ವಿಸ್ ಖರ್ಚು ಯಾರದು ಅಂತ ಬಾಡಿಗೆ ಒಪ್ಪಂದದಲ್ಲಿ ಓದಿಕೊಳ್ಳಿ. ಕೆಂಪು ದೀಪ ಹತ್ತಿದರೆ ಅಲಾರಂ ಆಫ್ ಮಾಡಿ ಸುಮ್ಮನಾಗಬೇಡಿ, ಅವತ್ತೇ ಏಜೆಂಟರಿಗೆ ಈಮೇಲ್ ಕಳಿಸಿ. ಉಳಿದದ್ದು ಊಟದ ಹೊತ್ತಿನಲ್ಲಿ ಮಾತಾಡೋಣ. ಯಾರ ಫೋನಿನಲ್ಲಾದರೂ ರಿಪೋರ್ಟು ಇದ್ದರೆ ತನ್ನಿ, ಓದಿ ಹೇಳುತ್ತೇನೆ.