ಡಿಗ್ರಿ ಒಂದೇ ಸಾಲದು



ಮೇ ತಿಂಗಳಲ್ಲಿ ರಾಯಚೂರಿನವರೊಬ್ಬರು ಮಂಗಳೂರಿಗೆ ಬಂದರೆನ್ನಿ. ಊರಲ್ಲಿ 42 ಡಿಗ್ರಿ ಬಿಸಿಲಿಗೆ ಜಗ್ಗದವರು ಇಲ್ಲಿ 33ಕ್ಕೇ ಅಂಗಿ ಒದ್ದೆ ಮಾಡಿಕೊಂಡು ಫ್ಯಾನ್ ಕೆಳಗೆ ಕೂತುಬಿಡುತ್ತಾರೆ. ಆಸ್ಟ್ರೇಲಿಯಾದ ಕನ್ನಡಿಗರಿಗೂ ಇದು ಗೊತ್ತಿರುವ ಪಾಡೇ. ಪರ್ತ್ ನಗರದ ಮೋರ್ಲಿ ಬಡಾವಣೆಯದು, ಅಡಿಲೇಡಿನದು ಒಣ ಬಿಸಿಲು. ಬ್ರಿಸ್ಬೇನಿನದು ಅಪ್ಪಟ ಕರಾವಳಿಯ ಸೆಕೆ.

ಮೈಯ ಶಾಖ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಮೈ ತಣಿಯಲು ಉಳಿಯುವುದು ಬೆವರಿನ ದಾರಿಯೊಂದೇ. ಬೆವರು ಸುರಿದರೆ ಸಾಲದು, ಆರಬೇಕು. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದೆಲ್ಲಿಗೆ?

ಆಸ್ಟ್ರೇಲಿಯಾದ ಹವಾಮಾನ ಇಲಾಖೆ 'ಮೈಗೆ ತಗಲುವ ತಾಪ'ವನ್ನು ಲೆಕ್ಕ ಹಾಕುವುದು ರಾಬರ್ಟ್ ಸ್ಟೆಡ್‌ಮನ್ ಕೊಟ್ಟ ಸೂತ್ರದಿಂದ. ಅಡಿಲೇಡಿನಲ್ಲಿ 40 ಡಿಗ್ರಿ, ತೇವಾಂಶ ನೂರಕ್ಕೆ 10 ಎನ್ನಿ. ಬ್ರಿಸ್ಬೇನಿನಲ್ಲಿ 32 ಡಿಗ್ರಿ, ತೇವಾಂಶ ನೂರಕ್ಕೆ 65. ಎರಡೂ ಕಡೆ ಗಂಟೆಗೆ 18 ಕಿಲೋಮೀಟರ್ ಗಾಳಿ. ಸೂತ್ರಕ್ಕೆ ಹಾಕಿ ನೋಡಿದರೆ ನೆರಳಿನಲ್ಲಿ ಎರಡೂ ಹತ್ತಿರ ಹತ್ತಿರ 35! ಟಿವಿಯವರು ಮಾತ್ರ ಅಡಿಲೇಡಿನ 40ನ್ನೇ ದೊಡ್ಡದು ಮಾಡುತ್ತಾರೆ.

ಇನ್ನು ಯಾವ ವರ್ಷ ಯಾರ ಪಾಲಿಗೆ ಎಷ್ಟು ಎನ್ನುವುದರಲ್ಲಿ ಕಡಲಿನ ಕೈವಾಡ ದೊಡ್ಡದು. 2021-22ರ ಬೇಸಿಗೆ ಲಾ ನೀನಾ ಕಾಲ, ಅಂದರೆ ಶಾಂತಸಾಗರದ ನಡು-ಪೂರ್ವ ಭಾಗ ತಣ್ಣಗಾಗಿ ಪೂರ್ವ ಆಸ್ಟ್ರೇಲಿಯಾಕ್ಕೆ ಮಳೆ ಹೆಚ್ಚುವ ಕಾಲ. ಫೆಬ್ರವರಿ ಕೊನೆಗೆ ಬ್ರಿಸ್ಬೇನ್ ನೆರೆಯಲ್ಲಿ ಮುಳುಗಿತು. ಅದೇ ಬೇಸಿಗೆಯಲ್ಲಿ ಪರ್ತ್ 13 ದಿನ 40 ಡಿಗ್ರಿ ದಾಟಿತು. ಜನವರಿಯಲ್ಲಿ ಆರು ದಿನ ಬಿಡದೆ ಸುಟ್ಟಿತು. ಪರ್ತ್‌ನಲ್ಲಿ ಬೆಳಗ್ಗೆ ಒಳನಾಡಿನ ಮೂಡಣ ಗಾಳಿ ಕಾವು ಹೊತ್ತು ತರುತ್ತದೆ. ಮಧ್ಯಾಹ್ನ ಕಡಲ ಗಾಳಿ ಬಂದು ತಣಿಸುತ್ತದೆ. ಊರಿನವರು ಅದನ್ನು 'ಫ್ರೀಮ್ಯಾಂಟಲ್ ಡಾಕ್ಟರ್' ಎಂದು ಕರೆಯುತ್ತಾರೆ. ಕರಾವಳಿಗುಂಟ ಇರುವ ಕಡಿಮೆ ಒತ್ತಡದ ಪಟ್ಟಿ ಕಡಲ ಮೇಲೇ ನಿಂತುಬಿಟ್ಟರೆ ಡಾಕ್ಟರ್ ತಡವಾಗಿ ಬರುತ್ತಾನೆ, ಕೆಲವೊಮ್ಮೆ ಬರುವುದೇ ಇಲ್ಲ. ಕಡಲಿನಿಂದ ದೂರವಿರುವ ಮೋರ್ಲಿಯಂಥ ಬಡಾವಣೆಗೆ ಅದರ ತಂಪು ತಲುಪುವುದು ಹೇಗೂ ತುಸು ತಡವಾಗಿಯೇ.

ನಮಗೂ ಅವರಿಗೂ ನಡುವಿನ ಹಿಂದೂ ಮಹಾಸಾಗರದ ಏರಿಳಿತವೂ ಒಂದಿದೆ. ಅದರ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾಗುವ ಈ ದ್ವಿಧ್ರುವವನ್ನು 1999ರಲ್ಲಿ ವಿವರಿಸಿದ ನಾಲ್ವರಲ್ಲಿ ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 2019ರಲ್ಲಿ ಅದು ಜೋರಾಗಿತ್ತು. ನಮ್ಮ ಮುಂಗಾರಿನ ಉತ್ತರಾರ್ಧಕ್ಕೆ ಬಲ ಬಂದು ದೇಶದ ಮಳೆ ವಾಡಿಕೆಯ ನೂರಕ್ಕೆ ನೂರಾಹತ್ತು ಪಾಲಾಯಿತು. ಆಸ್ಟ್ರೇಲಿಯಾ ಒಣಗಿತು, ಕಾಡುಗಳು ಉರಿದವು. ಡಿಸೆಂಬರ್ 18ರಂದು ಇಡೀ ದೇಶದ ಗರಿಷ್ಠ ತಾಪದ ಸರಾಸರಿಯೇ 41.9 ಡಿಗ್ರಿ.

ಇವೆಲ್ಲ ಬಂದು ಹೋಗುವಂಥವು. ಹೋಗದೆ ಉಳಿದಿರುವುದು ಬೇರೆ: 1910ರಿಂದ ಆಸ್ಟ್ರೇಲಿಯಾದ ನೆಲ ಸುಮಾರು ಒಂದೂವರೆ ಡಿಗ್ರಿ ಬಿಸಿಯಾಗಿದೆ. ಚಳಿಗಾಲದ ಮಳೆಮಾರುತಗಳು ದಕ್ಷಿಣಕ್ಕೆ ಸರಿದು, 1970ರ ಈಚೆಗೆ ಪರ್ತ್ ಇರುವ ನೈಋತ್ಯ ಮೂಲೆಯ ಮೇ-ಜುಲೈ ಮಳೆ ಹತ್ತಿರ ಐದರಲ್ಲೊಂದು ಪಾಲು ತಗ್ಗಿದೆ. ಹಗಲಿನ ದಾಖಲೆಗಳಿಗಿಂತ ನನಗೆ ದಿಗಿಲಾಗುವುದು ರಾತ್ರಿಯದು. 2009ರ ಜನವರಿ 29ರಂದು ಅಡಿಲೇಡಿನ ಕನಿಷ್ಠ ತಾಪವೇ 33.9. ಹಗಲಿಡೀ ಬೆಂದ ಮೈಗೆ ರಾತ್ರಿಯೂ ಬಿಡುವಿಲ್ಲ.

ಡಿಸೆಂಬರ್-ಜನವರಿಯಲ್ಲಿ ಅಪ್ಪ-ಅಮ್ಮನನ್ನು ಊರಿಂದ ಕರೆಸಿಕೊಳ್ಳುವವರು ಗರಿಷ್ಠ ತಾಪದ ಜೊತೆಗೆ ರಾತ್ರಿಯ ಕನಿಷ್ಠವನ್ನೂ ತೇವಾಂಶವನ್ನೂ ನೋಡಿ. ನೀರಿನ ಕೂಲರ್ ಪರ್ತ್, ಅಡಿಲೇಡಿಗೆ ಸರಿ, ಬ್ರಿಸ್ಬೇನಿನ ಸೆಕೆಗೆ ಪ್ರಯೋಜನವಿಲ್ಲ. ಕೂಲರ್ ಹಾಕಿದಾಗ ಕಿಟಕಿಯೊಂದನ್ನು ತುಸು ತೆರೆದೇ ಇಡಿ. ಮುಚ್ಚಿದ ಕೋಣೆಯಲ್ಲಿ ತೇವ ಕಟ್ಟಿಕೊಂಡು ಅಲ್ಲೂ ಬೆವರು ಆರುವುದಿಲ್ಲ.